ರೆಕ್ಕೆ ಇದೆ, ಸೇಡು ಎಲ್ಲಿ?

ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ತಾರಸಿ ಕೋಣೆಯಲ್ಲಿ ಭಾನುವಾರ ಸಂಜೆ ನಾವು ಐದು ಮಂದಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಇಬ್ಬರು ಬಿಟಿಎಂನಿಂದ, ಒಬ್ಬಳು ಜೆ.ಪಿ. ನಗರದಿಂದ ಬರುತ್ತಾರೆ. ಕಥೆ ನಡೆಸುವವನು ಡಿಎಂ. ಮಾತೆಲ್ಲ ಕನ್ನಡ, ಲೆಕ್ಕವೆಲ್ಲ ಇಂಗ್ಲಿಷ್. ಕಳೆದ ಮಳೆಗಾಲದಲ್ಲಿ ಅವನು ನಮ್ಮ ಮೇಲೆ ಎರಿನೀಸ್ ಎಂಬ ರೆಕ್ಕೆಯ ನರಕದೂತಿಯನ್ನು ಬಿಟ್ಟ. ನಾಲ್ಕು ಸುತ್ತುಗಳಲ್ಲಿ ಅವಳನ್ನು ಕೆಡವಿದೆವು. ಯಾಕೆ ಬಂದೆ ಎಂದು ಒಬ್ಬರೂ ಕೇಳಲಿಲ್ಲ. ಆ ರಾತ್ರಿಯಿಂದ ಇದು ನನ್ನನ್ನು ಕಾಡುತ್ತಿದೆ.

ಆಟದ 2014ರ ಮಾನ್ಸ್ಟರ್ ಮ್ಯಾನ್ಯುಯಲ್ ಪ್ರಕಾರ ಅವಳಿಗೆ 153 ಹಿಟ್ ಪಾಯಿಂಟ್, ರಕ್ಷಾಕವಚದ ಅಂಕ 18, ಚಾಲೆಂಜ್ 12. ಆರು ಸೆಕೆಂಡಿನ ಒಂದು ಸುತ್ತಿನಲ್ಲಿ 60 ಅಡಿ ಹಾರುತ್ತಾಳೆ, ಮೂರು ಏಟು ಹೊಡೆಯುತ್ತಾಳೆ. ಆ ಪುಸ್ತಕದ ಬರವಣಿಗೆಯಲ್ಲಿ ಎರಡು ಕಡೆ ನಿಜವಾದ ಕಲ್ಪನೆಯಿದೆ. ಒಂದು, ಮಾಯೆಯನ್ನು ಸೀಳಿ 120 ಅಡಿಯವರೆಗೆ ಕಾಣುವ ಅವಳ ಕಣ್ಣು. ವೇಷ ಹಾಕಿ ಅವಳಿಂದ ತಪ್ಪಿಸಿಕೊಳ್ಳಲಾಗದು. ಇನ್ನೊಂದು, ಅವಳ ಬಾಣದ ವಿಷ. ಅದು ಹೊತ್ತು ಕಳೆದರೆ ಇಳಿಯುವಂಥದ್ದಲ್ಲ, ಯಾರಾದರೂ ಮಂತ್ರ ಹಾಕಿಯೇ ಇಳಿಸಬೇಕು. ಕಾಲ ಕಳೆದರೂ ಮಾಸದ ವಿಷ! ಸೇಡಿನ ಗುಣ ಅದು. ಆದರೆ ಅಲ್ಲಿಗೇ ನಿಂತುಬಿಟ್ಟಿದೆ. ಉಳಿದಂತೆ ಅವಳು ನರಕದ ಸೈನ್ಯದ ಒಬ್ಬಳು ಒಳ್ಳೆಯ ಕತ್ತಿವರಸೆಗಾರ್ತಿ, ಯಾರ ಮೇಲೆ ಬೇಕಾದರೂ ಬಿಡಬಹುದಾದವಳು.

ಹೆಸರು ಬಂದ ಮೂಲದಲ್ಲಿ ಹೀಗಿಲ್ಲ. ಕ್ರಿ.ಪೂ. 458ರಲ್ಲಿ ಗ್ರೀಕ್ ನಾಟಕಕಾರ ಈಸ್ಕಿಲಸ್ ಅಥೆನ್ಸಿನ ರಂಗದ ಮೇಲೆ ತಂದ, ಸೇಡಿನ ದೇವತೆಗಳಾದ ಎರಿನೀಸರಿಗೆ ರೆಕ್ಕೆಯೇ ಇರಲಿಲ್ಲ. ಹಾಗೆಂದು ಆ ನಾಟಕದ ಪೂಜಾರಿಣಿಯೇ ಬಾಯಿಬಿಟ್ಟು ಹೇಳುತ್ತಾಳೆ. ರೆಕ್ಕೆಯಿಲ್ಲದಿದ್ದರೂ ಅವರಿಗೊಂದು ಕಾರಣವಿತ್ತು. ತಾಯಿಯನ್ನು ಕೊಂದ ಒರೆಸ್ಟಿಸ್ ಒಬ್ಬನನ್ನೇ ಅವರು ಅಟ್ಟಿಸಿಕೊಂಡು ಬಂದವರು. ಮಲಗಿದ್ದ ಅವರನ್ನು ಎಬ್ಬಿಸುವುದು ಸತ್ತ ತಾಯಿಯ ಪ್ರೇತ. ಆಟ ಇವರಿಗೆ ರೆಕ್ಕೆ ಕೊಟ್ಟು ಆ ತಾಯಿಯನ್ನು ಕಿತ್ತುಕೊಂಡಿದೆ.

ಈ ಕೊರತೆ ಕನ್ನಡದವರಿಗೆ ಬೇಗ ಕಣ್ಣಿಗೆ ಬೀಳಬೇಕು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ದುರ್ಯೋಧನ ಕನಕಸ್ವಾಮಿ ಎಂಬ ಪುರೋಹಿತನ ಕೈಲಿ ಹೋಮ ಮಾಡಿಸಿ ಪಾಂಡವರ ಮೇಲೆ ಕೀರ್ತಿಗೆ ಎಂಬ ಮಾರಕ ಶಕ್ತಿಯನ್ನು ಬಿಡಿಸುತ್ತಾನೆ. ಅವಳು ಬಂದು ನೋಡಿದರೆ ಕೊಳದ ಬಳಿ ಅವರು ಆಗಲೇ ಹೆಣಗಳಂತೆ ಬಿದ್ದಿದ್ದಾರೆ. ಹಸಿದು ಬಂದವಳು ತಿರುಗಿ ಹೋಗಿ ತನ್ನನ್ನು ಕಳಿಸಿದ ಕನಕಸ್ವಾಮಿಯನ್ನೇ ಬಲಿ ತೆಗೆದುಕೊಳ್ಳುತ್ತಾಳೆ. ಅವಳನ್ನು ಬಿಟ್ಟವನಿಗೂ ಅವಳಿಂದ ಅಪಾಯವಿದೆ! 941ರ ಕಾವ್ಯದ ಈ ಒಂದು ನಿಯಮ 153 ಹಿಟ್ ಪಾಯಿಂಟಿಗಿಂತ ಹೆಚ್ಚು ಹೆದರಿಸುತ್ತದೆ.

ಅಷ್ಟು ಹಿಂದೆ ಹೋಗುವುದೂ ಬೇಡ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಒಂದು ಹೆಣ್ಣುಭೂತಕ್ಕೆ ಬರೆದದ್ದು: ರಾತ್ರಿ ಬರುವ ಅವಳು ಪರಿಚಿತರ ದನಿಯಲ್ಲಿ ಕರೆಯುತ್ತಾಳೆ, ತೆರೆದರೆ ಸಾವು. ಬಾಗಿಲ ಬರಹ ಓದಿದರೆ ಆ ಮಾತಿಗೆ ಕಟ್ಟುಬಿದ್ದು ಹಿಂದಿರುಗುತ್ತಾಳೆ. ಸೀಮೆಸುಣ್ಣದ ಎರಡು ಪದ ತಡೆಯುವ ಭೂತಕ್ಕೆ ಕತ್ತಿ ಬೇಕಿಲ್ಲ. ಡಂಜನ್ಸ್‌ನ ನರಕದೂತರು ಕೂಡ ಕರಾರಿಗೆ, ಕೊಟ್ಟ ಮಾತಿನ ಅಕ್ಷರಕ್ಕೆ ಬದ್ಧರು. ಆಟದ ರಾಕ್ಷಸರಿಂದ ಅವರನ್ನು ಬೇರೆ ಮಾಡುವುದೇ ಈ ಗುಣ. ಇಷ್ಟು ಒಳ್ಳೆಯ ಕಲ್ಪನೆ ಕೈಯಲ್ಲಿಟ್ಟುಕೊಂಡೂ ಎರಿನೀಸಳ ಪುಟದಲ್ಲಿ ಅದಕ್ಕೊಂದು ನಿಯಮ ಬರೆಯಲಿಲ್ಲವಲ್ಲ ಎನ್ನುವುದು ನನ್ನ ಮುಖ್ಯ ತಕರಾರು.

ಈಸ್ಕಿಲಸ್ ತನ್ನ ಎರಿನೀಸರನ್ನು ಕೊಲ್ಲಿಸಿ ನಾಟಕ ಮುಗಿಸುವುದಿಲ್ಲ. ಅಥೆನ್ಸಿನಲ್ಲಿ ನಡೆಯುವ ವಿಚಾರಣೆಯಲ್ಲಿ ಮತಗಳು ಸಮವಾಗಿ ಒರೆಸ್ಟಿಸ್ ಬಿಡುಗಡೆಯಾದಾಗ ಅವರು ಉರಿದೇಳುತ್ತಾರೆ. ಅಥೀನಾ ಸಮಾಧಾನ ಹೇಳಿ, ಆ ಊರಿನ ನೆಲದಡಿಯಲ್ಲೇ ಮನೆ ಮತ್ತು ಪೂಜೆ ಕೊಡುತ್ತಾಳೆ. ಮಾರಮ್ಮನಿಗೆ ಗುಡಿ ಕಟ್ಟಿ ತಂಬಿಟ್ಟಿನಾರತಿ ಎತ್ತುವ, ದಕ್ಷಿಣ ಬೆಂಗಳೂರಿನೊಳಗೆ ಕರಗಿಹೋದ ಹಳ್ಳಿಗಳವರಿಗೆ ಇದು ಹೊಸದೇನಲ್ಲ. ಮುನಿದವಳಿಗೆ ಜಾಗ ಕೊಡಬೇಕು.

ನಮ್ಮ ಡಿಎಂ ಬಳಿ ಇದನ್ನೆಲ್ಲ ಜಗಳವಾಡುವ ಹಾಗೆಯೇ ಹೇಳಿದೆ. ಬನಶಂಕರಿಯ ಒಂದು ದರ್ಶಿನಿಯಲ್ಲಿ ನಿಂತು, ಕಾಫಿ ಆರುವವರೆಗೆ. ಅವನು ಮೂರು ಸಾಲು ಬರೆದುಕೊಂಡ: ಅವಳು ಮಾತು ತಪ್ಪಿದ ಒಬ್ಬನನ್ನು ಮಾತ್ರ ಮುಟ್ಟಬಹುದು, ಅವಳನ್ನು ಕೊಂದರೆ ಮರುದಿನ ಅದೇ ಹೊತ್ತಿಗೆ ಮತ್ತೆ ಬರುತ್ತಾಳೆ, ಋಣ ತೀರಿದರೆ ಹೋಗುತ್ತಾಳೆ.

ಎರಡು ಭಾನುವಾರ ಬಿಟ್ಟು ಅವಳು ಬಂದಳು. ನನ್ನನ್ನು ದಾಟಿ, ಉಳಿದವರನ್ನೂ ದಾಟಿ, ಜೆ.ಪಿ. ನಗರದವಳ ಪಾತ್ರದ ಎದುರು ನಿಂತಳು. ಕಾವಲುಗಾರನೊಬ್ಬನನ್ನು ಕಾಪಾಡುತ್ತೇನೆಂದು ಮಾತು ಕೊಟ್ಟು ಸೇತುವೆಯ ಮೇಲೆ ಬಿಟ್ಟುಬಂದಿದ್ದ ಪಾತ್ರ ಅದು. ನಾವೆಲ್ಲ ಅದನ್ನು ಮರೆತಿದ್ದೆವು. ಆಕೆ ಕೈಗೆತ್ತಿಕೊಂಡಿದ್ದ ದಾಳವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

“ಅವನ ಹೆಸರೇನಿತ್ತು?” ಎಂದು ಡಿಎಂನನ್ನು ಕೇಳಿದಳು.