ಬಿಲ್ಲೆಗಿಂತ ಮೊದಲು ಬೇಕಾದ ಬೆಳಕು

ದೆಹಲಿ ಏಮ್ಸ್‌ನ ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರದಲ್ಲಿ ಕಣ್ಣೊಳಗಿನ ಗಡ್ಡೆಗೆ ಬಳಸಿದ ದೇಶೀ ರುಥೇನಿಯಂ-106 ಬಿಲ್ಲೆ 2020ರಲ್ಲಿ ಸುದ್ದಿಯಾಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅಣುತ್ಯಾಜ್ಯದಿಂದ ಬೇರ್ಪಡಿಸಿದ ರುಥೇನಿಯಂನಿಂದ ತಯಾರಿಸಿದ್ದು ಅದು. ಕಸದಿಂದ ರಸ ಎಂದರೆ ಇದೇ. ಗಡ್ಡೆ ಇರುವ ಕಡೆ ಕಣ್ಣುಗುಡ್ಡೆಯ ಹೊರಗೋಡೆಗೆ ಬಿಲ್ಲೆಯನ್ನು ಹೊಲಿದು, ಲೆಕ್ಕ ಹಾಕಿದಷ್ಟು ಹೊತ್ತು ಇಟ್ಟು ತೆಗೆಯುತ್ತಾರೆ. ಸಾಧನೆ ದೊಡ್ಡದೇ. ಆದರೆ ಅದು ಸೂಸುವ ಬೀಟಾ ವಿಕಿರಣ ಐದಾರು ಮಿಲಿಮೀಟರಿನಾಚೆ ಹೆಚ್ಚು ಕೆಲಸ ಮಾಡದು. ಗಡ್ಡೆ ಅದಕ್ಕಿಂತ ದಪ್ಪವಾಗಿದ್ದರೆ ಬಿಲ್ಲೆ ಇದ್ದೂ ಇಲ್ಲದಂತೆ. ಹಾಗಾಗಿ ಗಡ್ಡೆ ಬೇಗ ಪತ್ತೆಯಾಗಬೇಕು: ಈ ಚಿಕಿತ್ಸೆಯ ಫಲ ನಿರ್ಧಾರವಾಗುವುದು ರೋಗಿ ದೆಹಲಿಯ ರೈಲು ಹತ್ತುವುದಕ್ಕೂ ಮೊದಲು.

ಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಕಠೋರ. ಅಕ್ಷಿಪಟಲದಲ್ಲಿ ಹುಟ್ಟುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆ ಬಹುತೇಕ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಬೇರೆ ಗಡ್ಡೆಗಳಂತೆ ಇದರಿಂದ ಸೂಜಿ ಚುಚ್ಚಿ ಚೂರು ತೆಗೆಯುವಂತಿಲ್ಲ. ಚುಚ್ಚಿದ ದಾರಿಯಲ್ಲೇ ರೋಗ ಕಣ್ಣು ದಾಟೀತು. ಅರಿವಳಿಕೆ ಕೊಟ್ಟು, ಪಾಪೆ ಹಿಗ್ಗಿಸಿ, ವೈದ್ಯರು ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ಸ್ಕ್ಯಾನಿಂಗ್‌ನದು ಬೆಂಬಲ ಮಾತ್ರ. ಅವರಿಗೂ ಮೊದಲು ನೋಡುವವಳು ತಾಯಿ: ಫ್ಲ್ಯಾಶ್ ಫೋಟೋದಲ್ಲಿ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತದೆ, ಇಲ್ಲವೇ ಮೆಳ್ಳೆಗಣ್ಣು ಬರುತ್ತದೆ. ಮೆಳ್ಳೆಗಣ್ಣು ಅದೃಷ್ಟ ಎನ್ನುವ ಮನೆಗಳಲ್ಲಿ ಅಲ್ಲಿಗೇ ತಿಂಗಳುಗಳು ಕಳೆಯುತ್ತವೆ. ಶ್ರೀಮಂತ ದೇಶಗಳಲ್ಲಿ ಈ ರೋಗದ ಮಕ್ಕಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಬದುಕುತ್ತಾರೆ. ವಿನ್‌ಕ್ರಿಸ್ಟಿನ್, ಎಟೊಪೊಸೈಡ್, ಕಾರ್ಬೊಪ್ಲಾಟಿನ್ ಎಂಬ ಔಷಧಗಳು ಅಲ್ಲೂ ಅವೇ, ಇಲ್ಲೂ ಅವೇ. ನಾವು ಸೋಲುವುದು ಮುಖ್ಯವಾಗಿ ತಡದಿಂದ.

ಹದಿನೈದು-ಹದಿನೆಂಟು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗಕ್ಕೆ, ಆ ತಡ ತಪ್ಪಿಸಲೆಂದು, ಎಲ್ಲ ಮಕ್ಕಳ ಕಣ್ಣಿನ ತಪಾಸಣೆ ಏಕೆ ಎನ್ನುವವರಿದ್ದಾರೆ. ಮಬ್ಬು ಬೆಳಕಿನ ಕೋಣೆಯಲ್ಲಿ ಆಫ್ತಾಲ್ಮೋಸ್ಕೋಪ್ ಹಿಡಿದು ಎರಡೂ ಪಾಪೆಗಳಲ್ಲಿ ಕೆಂಪು ಹೊಳಪಿದೆಯೇ ಎಂದು ನೋಡಲು ಒಂದೆರಡು ನಿಮಿಷ ಸಾಕು. ಹುಟ್ಟಿನಿಂದ ಬಂದ ಪೊರೆಯೂ ಅದೇ ಬೆಳಕಿಗೆ ಸಿಗುತ್ತದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಆ ಪೊರೆ ಈಗಾಗಲೇ ಇದೆ. ಅಂಚಿನಲ್ಲಿರುವ ಸಣ್ಣ ಗಡ್ಡೆ ಈ ಪರೀಕ್ಷೆಗೆ ತಪ್ಪಬಹುದು, ನಿಜ. ಅದಕ್ಕೇ ಹೆರಿಗೆಯಾದಾಗ ಒಮ್ಮೆ ನೋಡಿ ಕೈತೊಳೆದುಕೊಳ್ಳದೆ, ಮಗು ಲಸಿಕೆಗೆ ಬಂದಾಗಲೆಲ್ಲ ನೋಡಬೇಕು.

ಕಣ್ಣು ಉಳಿಸುವ ಸುದ್ದಿಯಿಂದ ಜನ ಧೈರ್ಯವಾಗಿ ಆಸ್ಪತ್ರೆಗೆ ಬರುತ್ತಾರೆ ಎಂಬ ವಾದ ಪೂರ್ತಿ ಒಪ್ಪುವಂಥದ್ದಲ್ಲ. ದೊಡ್ಡವರ ಕಣ್ಣಿನ ಮಧ್ಯಮ ಗಾತ್ರದ ಮೆಲನೋಮಾ ಗಡ್ಡೆಯಲ್ಲಿ ಬಿಲ್ಲೆ ಇಟ್ಟರೂ ಕಣ್ಣು ತೆಗೆದರೂ ಬದುಕುವ ಪ್ರಮಾಣ ಒಂದೇ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2001ರಲ್ಲಿ ತೋರಿಸಿತು. ಆದರೆ ಗಡ್ಡೆ ತುಂಬಿಹೋದ ಮಗುವಿನ ಕಣ್ಣಿಗೆ ಆ ಲೆಕ್ಕ ಹೊಂದದು. ಅಲ್ಲಿ ಕಣ್ಣು ತೆಗೆಯುವುದು ವೈದ್ಯರ ಸೋಲಲ್ಲ, ಮಗುವಿನ ಜೀವಕ್ಕೆ ಇರುವ ದಾರಿ. ಬಿಲ್ಲೆಯನ್ನಷ್ಟೇ ಹೊಗಳಿದರೆ ಈ ಮಾತು ಹೆತ್ತವರ ಕಿವಿಗೆ ಬೀಳುವುದಿಲ್ಲ. ಕಣ್ಣು ತೆಗೆಸಲೊಪ್ಪದೆ ಊರೂರು ಅಲೆಯುತ್ತಾರೆ, ಅಷ್ಟರಲ್ಲಿ ರೋಗ ನರದ ಗುಂಟ ಮಿದುಳಿನತ್ತ ಸಾಗಿರುತ್ತದೆ.

ನಿಮ್ಮ ಮನೆಯ ಮಗುವಿನ ಫೋಟೋದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ಆ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ.