ಸರ್ಕಾರದೆದುರು ಗಟ್ಟಿ, ಊರೆದುರು ಮೆತ್ತಗೆ

ಬಂಟ್ವಾಳ ತಾಲ್ಲೂಕಿನ ನರಿಕೊಂಬುವಿನಿಂದ ಬೆಳಗ್ಗೆ ಬೈಕ್ ಹತ್ತಿ ಹೊರಟವರು ಮೂಡುಬಿದಿರೆ ಬಳಿಯ ಬೆಳುವಾಯಿ, ಕಾರ್ಕಳ ತಾಲ್ಲೂಕಿನ ಕೌಡೂರು, ಕಾಸರಗೋಡಿನ ಎಡನೀರು ಮೂರನ್ನೂ ನೋಡಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರಬಹುದು. ಭಾರತದ ಹಕ್ಕುಗಳ ಕಾನೂನಿನಲ್ಲಿ ಈ ಮೂರು ಊರುಗಳ ಪಾಲು ಸಣ್ಣದಲ್ಲ. ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಸರ್ಕಾರ ತಮ್ಮ ಹಿರಿತನವನ್ನು ಬದಿಗೊತ್ತಿದಾಗ ರಾಜೀನಾಮೆ ಎಸೆದು ಬಂದವರು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಹೆಸರು ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಬಾಯಿಪಾಠ. ಬೆಳುವಾಯಿಯ ಎಸ್. ಅಬ್ದುಲ್ ನಜೀರ್, ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸಾರಿದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರು.

ಇದೆಲ್ಲವನ್ನೂ ಕಟ್ಟು ಕಟ್ಟಿ ಕರಾವಳಿಯ ನ್ಯಾಯಪರಂಪರೆ ಎಂದು ಹೆಮ್ಮೆಪಡುವುದು ಸುಲಭ, ತಪ್ಪೂ ಅಲ್ಲ. ಆದರೆ ಪರಂಪರೆ ಎಂದ ಮೇಲೆ ತಟ್ಟಿ ನೋಡಬೇಕು. ಸರ್ಕಾರ ವ್ಯಕ್ತಿಯ ಮೈಮೇಲೆ ಬಂದಾಗ ಈ ನ್ಯಾಯಮೂರ್ತಿಗಳ ದನಿ ಸ್ಪಷ್ಟವಾಗಿತ್ತು. ಕುಟುಂಬ, ಜಾತಿ, ಮತ, ಊರಿನ ನಾಲ್ಕು ಜನ ಮೈಮೇಲೆ ಬಂದಾಗ ಅದೇ ದನಿ ತಗ್ಗಿತು.

ತುಳುನಾಡಿಗೆ ಕೋರ್ಟು ಬರುವ ಮೊದಲೂ ನ್ಯಾಯವಿತ್ತು. ಗುತ್ತಿನ ಚಾವಡಿ, ದೈವದ ನುಡಿ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ನಡೆಯುವ ಹೊಯ್ಲು, ಇವೆಲ್ಲ ವ್ಯಾಜ್ಯ ತೀರಿಸುವ ಜಾಗಗಳು. ಅಲ್ಲಿ ದೂರು ಹೇಳುವುದೂ ತಪ್ಪೊಪ್ಪಿಕೊಳ್ಳುವುದೂ ಎಲ್ಲರೆದುರು. ಮುರಿದ ಸಂಬಂಧ ಕೂಡಿಕೊಳ್ಳಬೇಕು, ಊರು ಊರಾಗಿ ಉಳಿಯಬೇಕು ಎಂಬುದೇ ಗುರಿ. ಒಬ್ಬ ವ್ಯಕ್ತಿ ತನ್ನ ಪಾಡಿಗೆ ತಾನಿರುವುದು ಅಲ್ಲಿ ಪ್ರಶ್ನೆಯೇ ಅಲ್ಲ.

ಅಳಿಯಸಂತಾನ ಕಟ್ಟನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವುದನ್ನು ಕಂಡು ಇಲ್ಲಿ ಹೆಣ್ಣು ಸ್ವತಂತ್ರಳಾಗಿದ್ದಳೆಂದು ಬರೆಯುವವರಿದ್ದಾರೆ. ಯಜಮಾನ್ತಿಯಾಗಿ ಮನೆ ಆಳಿದವರು ಇದ್ದರು, ನಿಜ. ಆದರೆ ಗಂಡಾಗಲಿ ಹೆಣ್ಣಾಗಲಿ ಒಬ್ಬೊಬ್ಬರಾಗಿ ಬಂದು ‘ನನ್ನ ಪಾಲು ಕೊಡಿ’ ಎನ್ನುವಂತಿರಲಿಲ್ಲ. ಎಲ್ಲರೂ ಒಪ್ಪದೆ ಪಾಲಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1863ರಲ್ಲೇ, ಮುಂಡ ಚೆಟ್ಟಿ ಪ್ರಕರಣದಲ್ಲಿ, ಮುದ್ರೆ ಒತ್ತಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದ ಮೇಲೂ ಪಾಲು ಕೇಳುವ ಹಕ್ಕು ದಕ್ಕಿದ್ದು ಕವರಿಗೆ, ಅಂದರೆ ಕುಟುಂಬದ ಕವಲಿಗೆ. ಕಾನೂನಿನ ಕಣ್ಣಿಗೆ ಒಂಟಿ ಮನುಷ್ಯ ಕಾಣಿಸಿದ್ದು ಬಹಳ ತಡವಾಗಿ.

ಹೆಗ್ಡೆಯವರು ವಕೀಲಿಕೆ ಕಲಿತದ್ದು ಇಂಥ ನಾಡಿನಲ್ಲಿ. ಸರ್ಕಾರಿ ವಕೀಲರಾಗಿ, 1952ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿ, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ತೀರ್ಪುಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಕೇಶವಾನಂದ ಪ್ರಕರಣ. ಆದರೆ ಆಫೀಸು ಸುತ್ತುವ ಸಾಮಾನ್ಯ ಮನುಷ್ಯನಿಗೆ ಹೆಚ್ಚು ಉಪಕಾರವಾದದ್ದು 1969ರ ಕ್ರೈಪಾಕ್ ತೀರ್ಪು.

ಅದರ ಕತೆ ಸ್ವಾರಸ್ಯವಾಗಿದೆ. ಜಮ್ಮು-ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಮಂಡಳಿ ಕೂತಿತ್ತು. ಅದರ ಒಬ್ಬ ಸದಸ್ಯ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕಿಶ್‌ಬಂದ್. ತಮಾಷೆಯೆಂದರೆ ಅವರೂ ಅಭ್ಯರ್ಥಿಯೇ. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಅದರಲ್ಲಿ ಭಾಗವಹಿಸಲಿಲ್ಲ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು, ಯಾರು ಮೊದಲು ಯಾರು ಆಮೇಲೆ ಎಂಬ ಪಟ್ಟಿ ತಯಾರಿಸುವಾಗಲೂ ಕೂತಿದ್ದರು. ಪಟ್ಟಿ ಹೊರಬಿದ್ದಾಗ ಮೊದಲ ಹೆಸರು ಅವರದೇ. ಅವರಿಂದಾಗಿ ಹಿಂದೆ ಬಿದ್ದು, ಅದರ ವಿರುದ್ಧ ಮೇಲ್ಮನವಿ ಹಾಕಿಕೊಂಡಿದ್ದ ಬಸು ಎಂಬ ಹಿರಿಯ ಅಧಿಕಾರಿಯ ಹೆಸರು ಪಟ್ಟಿಯಲ್ಲೇ ಇಲ್ಲ. ಇದು ಬರೀ ಆಡಳಿತದ ಕೆಲಸ, ಕೋರ್ಟಿನ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ ಎಂಬುದು ಸರ್ಕಾರದ ವಾದ. ಐವರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆ ಅದನ್ನು ಒಪ್ಪಲಿಲ್ಲ. ಆಡಳಿತದ ತೀರ್ಮಾನಕ್ಕೂ ನ್ಯಾಯನಿರ್ಣಯದಂಥ ತೀರ್ಮಾನಕ್ಕೂ ನಡುವಿನ ಗೆರೆ ತೀರ ತೆಳು, ಅದು ಅಳಿಸಿಹೋಗುತ್ತಿದೆ, ಅನ್ಯಾಯ ತಡೆಯುವುದೇ ಸಹಜ ನ್ಯಾಯದ ಉದ್ದೇಶವಾದರೆ ಅದನ್ನು ಕಚೇರಿಯ ಹೊರಗೆ ನಿಲ್ಲಿಸಲು ಕಾರಣವೇ ಇಲ್ಲ ಎಂದರು. ಪಂಚಾಯತಿನ ಪರವಾನಗಿಯಿಂದ ಹಿಡಿದು ನೌಕರಿಯಿಂದ ವಜಾ ಆಗುವವರೆಗೆ, ‘ನನ್ನ ಮಾತು ಕೇಳದೆ ಹೇಗೆ ತೀರ್ಮಾನಿಸಿದಿರಿ’ ಎಂದು ಇಂದು ಕೇಳಬಹುದಾದರೆ ಅದರ ಹಿಂದೆ ಈ ತೀರ್ಪಿನ ಬಲವಿದೆ.

ಕೇಶವಾನಂದ ಪ್ರಕರಣದಲ್ಲಿ ಕರಾವಳಿ ಎರಡು ಕಡೆಯಿಂದ ಬಂದು ಕೂಡಿತು: ಅರ್ಜಿದಾರರು ಎಡನೀರಿನವರು, ಹದಿಮೂರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕೌಡೂರಿನವರು. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುತ್ತದೆಂದು 1970ರಲ್ಲಿ ಹೂಡಿದ ದಾವೆ ಅದು. 68 ದಿನ ವಾದ ನಡೆದು 1973ರ ಏಪ್ರಿಲ್ 24ರಂದು 7-6ರ ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆ ಮತ್ತು ಎ.ಕೆ. ಮುಖರ್ಜಿ ಸೇರಿ ಬರೆದ ಭಾಗದಲ್ಲಿ ವ್ಯಕ್ತಿಸ್ವಾತಂತ್ರ್ಯದ ಮುಖ್ಯ ಅಂಶಗಳೂ, ಸಮಾನತೆಯ ಸಮಾಜ ಕಟ್ಟುವ ಹೊಣೆಯೂ ಆ ಮೂಲ ಸ್ವರೂಪದಲ್ಲಿ ಒಟ್ಟಿಗೇ ಕೂತಿವೆ. ಮರುದಿನವೇ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು.

ಇದನ್ನು ಬರೀ ವೀರಗಾಥೆಯಾಗಿ ಓದಿದರೆ ಒಂದು ವಿಷಯ ತಪ್ಪಿಹೋಗುತ್ತದೆ. ಹೆಗ್ಡೆಯವರ ಕಾಲದ ಕೋರ್ಟಿನಲ್ಲಿ ವ್ಯಕ್ತಿಯ ಹಕ್ಕು ಎಂದರೆ ಹೆಚ್ಚಾಗಿ ಆಸ್ತಿಯುಳ್ಳವನ ಹಕ್ಕು. ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದತಿ ಎರಡರಲ್ಲೂ 1970ರಲ್ಲಿ ಸರ್ಕಾರ ಸೋತಿತು, ಎರಡರಲ್ಲೂ ಹೆಗ್ಡೆ ಬಹುಮತದ ಕಡೆ. ಅದೇ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿಯ ಗೇಣಿ ಒಕ್ಕಲು ಬೇರೆ ದಾರಿ ಕಾಯುತ್ತಿದ್ದ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ಫಾರಂ ನಂಬ್ರ 7 ತುಂಬಿಸಿ ಭೂನ್ಯಾಯಮಂಡಳಿಯ ಮುಂದೆ ನಿಂತ. ಅಲ್ಲಿ ಆರಂಭದಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಧಣಿಯ ಎದುರು ಕೂತು ಮಾತಾಡದವನಿಗೆ ವ್ಯಕ್ತಿಯೆನ್ನುವ ಘನತೆ ಸಿಕ್ಕಿದ್ದು ಸುಪ್ರೀಂ ಕೋರ್ಟಿನ ತೀರ್ಪಿಗಿಂತ ಆ ಫಾರಂನಿಂದ. ಎಡನೀರು ಮಠಕ್ಕೂ ಭೂಮಿ ಉಳಿಯಲಿಲ್ಲ, ಉಳಿದದ್ದು ತತ್ವ.

ರಾಜೀನಾಮೆಯ ನಂತರ ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ರಾಜಕೀಯದಿಂದ ನ್ಯಾಯಪೀಠಕ್ಕೆ, ಅಲ್ಲಿಂದ ಮರಳಿ ರಾಜಕೀಯಕ್ಕೆ. ಅಬ್ದುಲ್ ನಜೀರ್ 2023ರ ಜನವರಿ 4ರಂದು ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾದಾಗ ಹುಬ್ಬೇರಿಸಿದವರು ಹೆಗ್ಡೆಯವರ ಈ ದಾರಿಯನ್ನೂ ನೆನೆಯಬೇಕು. ಒಂದು ವ್ಯತ್ಯಾಸ ಮಾತ್ರ ಇದೆ: ಹೆಗ್ಡೆ ಹೋದದ್ದು ಮತ ಕೇಳಿಕೊಂಡು.

ನಜೀರ್ ಅವರ ಬದುಕಿನ ದಾರಿ ಕಠಿಣವಾದದ್ದು. ಮೂಡುಬಿದಿರೆಯ ಮಹಾವೀರ ಕಾಲೇಜು, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು, ಹೈಕೋರ್ಟಿನಲ್ಲಿ ಎರಡು ದಶಕದ ವಕೀಲಿಕೆ. ಯಾವ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗದೆ 2017ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಬಡ್ತಿ. ಅದೇ ವರ್ಷದ ಆಗಸ್ಟ್‌ನ ಒಂದು ವಾರ ಈ ಇಡೀ ಪರಂಪರೆಯ ಗುಣ-ದೋಷಗಳನ್ನು ಒಟ್ಟಿಗೆ ತೋರಿಸುತ್ತದೆ.

ಆಗಸ್ಟ್ 22ರಂದು ಶಾಯರಾ ಬಾನು ಪ್ರಕರಣದ ತೀರ್ಪು. ಒಂದೇ ಉಸಿರಿಗೆ ಕೊಡುವ ತಲಾಖ್ ಅನ್ನು 3-2ರ ಬಹುಮತ ತಳ್ಳಿಹಾಕಿತು. ನಜೀರ್ ಅವರು ಮುಖ್ಯ ನ್ಯಾಯಮೂರ್ತಿ ಖೇಹರ್ ಜತೆ ಅಲ್ಪಮತದಲ್ಲಿದ್ದರು. ವೈಯಕ್ತಿಕ ಕಾನೂನಿಗೆ ಧಾರ್ಮಿಕ ಸ್ವಾತಂತ್ರ್ಯದ ರಕ್ಷಣೆ ಇದೆ, ಬದಲಾವಣೆ ಸಂಸತ್ತಿನ ಕೆಲಸ ಎಂಬುದು ಅವರ ನಿಲುವು. ಎರಡೇ ದಿನ ಕಳೆದು 24ರಂದು ಪುಟ್ಟಸ್ವಾಮಿ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ 2012ರಲ್ಲಿ ಹೂಡಿದ ಅರ್ಜಿಯ ಫಲ ಅದು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದು 1954 ಮತ್ತು 1962ರ ತೀರ್ಪುಗಳನ್ನು ಹಿಡಿದು ಸರ್ಕಾರ ವಾದಿಸಿತ್ತು. ಒಂಬತ್ತೂ ಮಂದಿ ಅದನ್ನು ತಳ್ಳಿಹಾಕಿದರು. ಡಿ.ವೈ. ಚಂದ್ರಚೂಡ್ ಬರೆದ ಅಭಿಪ್ರಾಯಕ್ಕೆ ನಜೀರ್ ಸಹಿ ಇದೆ. ಮನೆಯೊಳಗಿನ ಗಂಡಾಳಿಕೆಯನ್ನು ಮುಚ್ಚಿಡಲು ಖಾಸಗಿತನ ಪರದೆಯಾಗಬಾರದು ಎಂಬ ಮಾತೂ ಅದೇ ಬರಹದಲ್ಲಿದೆ. ಮಂಗಳವಾರ ಮತದ ಕಟ್ಟಿಗೆ ಬಿಟ್ಟುಕೊಟ್ಟದ್ದನ್ನು ಗುರುವಾರ ವ್ಯಕ್ತಿಗೆ ಕೊಟ್ಟರು ಎಂದರೆ ಒರಟಾದೀತು. ಮೊದಲನೆಯದರಲ್ಲಿ ಎದುರಿಗಿದ್ದದ್ದು ಸಮುದಾಯ, ಎರಡನೆಯದರಲ್ಲಿ ಸರ್ಕಾರ. ಸಂಸತ್ತು ಮಾಡಲಿ ಎಂಬ ಸಂಯಮಕ್ಕೂ ಬೆಲೆಯಿದೆ. ಆದರೂ ಅಂಚೆಯಲ್ಲಿ ಬಂದ ಕಾಗದದಲ್ಲಿ ಮದುವೆ ಮುಗಿದುಹೋದ ಹೆಂಗಸಿಗೆ ಆ ಸಂಯಮ ಯಾವ ರೂಪದಲ್ಲಿ ಕಂಡೀತು?

ಈ ಪ್ರಶ್ನೆ ಒಂದು ಮತದ ಗಡಿಯೊಳಗೆ ನಿಲ್ಲುವುದಿಲ್ಲ. ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಶಾಲೆಯಂಥ ಜಾಗದಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ಮೊಟಕಾಗುವುದು ಅನಿವಾರ್ಯ ಎಂದಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಎರಡು ಕಡೆಯಾದರು. ಗೇಟಿನಲ್ಲಿ ಹುಡುಗಿಯ ತಲೆವಸ್ತ್ರ ತೆಗೆಸುವುದು ಅವಳ ಖಾಸಗಿತನ, ಘನತೆ ಎರಡರ ಮೇಲಿನ ದಾಳಿ ಎಂದವರು ಸುಧಾಂಶು ಧುಲಿಯಾ. ಪುಟ್ಟಸ್ವಾಮಿ ತೀರ್ಪಿನ ಮಾತು ಕರಾವಳಿಗೆ ಬಂದು ತಟ್ಟಿದ್ದು ಅಲ್ಲಿ, ಅದೂ ಅರ್ಧಕ್ಕೆ.

ಇಲ್ಲಿ ಖಾಸಗಿತನಕ್ಕೆ ದಿನನಿತ್ಯದ ಬೆದರಿಕೆ ಆಧಾರ್ ಕಾರ್ಡಿನಿಂದಲ್ಲ. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂತರು, ಐಸ್‌ಕ್ರೀಂ ಅಂಗಡಿಗೆ ಯಾರ ಜತೆ ಯಾರು ಹೋದರು ಎಂದು ಫೋನು ತಿರುಗಿಸುವವರಿಂದ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹುಡುಗಿಯರನ್ನು ಅಟ್ಟಾಡಿಸಿದ್ದನ್ನು, 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಗೆ ನುಗ್ಗಿ ಹುಟ್ಟುಹಬ್ಬದ ಕೂಟದಲ್ಲಿದ್ದವರನ್ನು ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಪಬ್ ದಾಳಿಯ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದರು. ಸರ್ಕಾರದ ಕೈ ತಡೆಯಲು ಕಟ್ಟಿದ ಹಕ್ಕುಗಳ ಶಾಸ್ತ್ರ ಇಂಥಲ್ಲಿ ಕೈಕಟ್ಟಿ ನಿಂತಿತ್ತು.

ನಜೀರ್ ಅವರು ಆ ಕೊರತೆ ತುಂಬುವ ತೀರ್ಪಿಗೂ ಸಹಿ ಹಾಕಿದ್ದಾರೆ. ನಿವೃತ್ತಿಯ ಹಿಂದಿನ ದಿನ, 2023ರ ಜನವರಿ 3ರಂದು, ಕೌಶಲ್ ಕಿಶೋರ್ ಪ್ರಕರಣದಲ್ಲಿ ಅವರ ನೇತೃತ್ವದ ಐವರ ಪೀಠದ ಬಹುಮತ, ವಾಕ್ ಸ್ವಾತಂತ್ರ್ಯ ಮತ್ತು ಜೀವಿಸುವ ಹಕ್ಕನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿ ಮಾಡಬಹುದು ಎಂದಿತು. ಬರೆದವರು ವಿ. ರಾಮಸುಬ್ರಮಣಿಯನ್. ಒಪ್ಪದವರು ಕರ್ನಾಟಕದವರೇ ಆದ ಬಿ.ವಿ. ನಾಗರತ್ನ. ಖಾಸಗಿ ವ್ಯಕ್ತಿಗಳ ವಿರುದ್ಧ ರಿಟ್ ಹಿಡಿದು ಬರುವುದಕ್ಕಿಂತ ಸಾಮಾನ್ಯ ಕಾನೂನಿನ ದಾರಿಯೇ ಸರಿ ಎಂಬ ಅವರ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಬಹುಮತದ ಮಾತು ದೊಡ್ಡದು, ಆದರೆ ನಡೆಸುವ ಬಗೆ ಅದರಲ್ಲಿ ತೆಳುವಾಗಿದೆ. ರಿಟ್ ಎಂದರೆ ಹೈಕೋರ್ಟು. ಅದರ ಪೀಠಗಳು ಧಾರವಾಡ, ಕಲಬುರಗಿಗೆ ಬಂದಿವೆ. ಮಂಗಳೂರಿಗೆ ಬೇಕೆಂಬ ಕೂಗು ಇನ್ನೂ ಕೂಗಾಗಿಯೇ ಇದೆ. ಬಸ್ಸಿನಿಂದ ಎಳೆದಿಳಿಸಲ್ಪಟ್ಟ ನರಿಕೊಂಬುವಿನ ಹುಡುಗನೋ ಹುಡುಗಿಯೋ ಮೊದಲು ಹೋಗಬೇಕಾದದ್ದು ಪೊಲೀಸ್ ಠಾಣೆಗೆ, ಆಮೇಲೆ ಬಿ.ಸಿ.ರೋಡಿನ ಕೋರ್ಟಿಗೆ. ಅಲ್ಲಿ ಸಾಕ್ಷಿ ಹೇಳಬೇಕಾದವರು ಅದೇ ಊರಿನವರು.