ಬೆಲ್ ಮೇಲಿನ ಹೆಸರು

ಪತ್ತನಾಜೆ ಕಳೆಯಿತು. ನೇಮ, ಕೋಲ, ರಥೋತ್ಸವಗಳ ಗಡಿಬಿಡಿ ಇನ್ನು ದೀಪಾವಳಿಯ ಹೊತ್ತಿಗೇ. ಕಾಪುವಿನಿಂದ ಕಾರ್ಕಳದವರೆಗೆ ವಾದ್ಯದವರ ಪೆಟ್ಟಿಗೆಗಳು ಮುಚ್ಚಿಕೊಳ್ಳುವ ಕಾಲವಿದು. ಹಳೆಯ ವಾದ್ಯ ಮಾರುವ, ಕೊಳ್ಳುವ ಮಾತು ಏಳುವುದೂ ಈಗಲೇ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತ ಆಲ್ಟೋ ಸ್ಯಾಕ್ಸೋಫೋನ್ ಇಂದು ತುಳುನಾಡಿನ ಮಂಗಳವಾದ್ಯವೇ ಆಗಿಬಿಟ್ಟಿದೆ. ಅದೇ ಇ-ಫ್ಲ್ಯಾಟ್ ಶ್ರುತಿಯ, ಮರದ ಮೈಯ ಆಲ್ಟೋ ಕ್ಲಾರಿಯೋನೆಟ್ ಮಾತ್ರ ನಮ್ಮ ಕಡೆ ಅಪರೂಪ. ಕೇಳರಿಯದ ಹೆಸರಿನ ಹಳೆಯದೊಂದು ಅಗ್ಗಕ್ಕೆ ಬಂದರೆ ಸ್ಯಾಕ್ಸಿನವರ ಕೈ ತುರಿಸುವುದು ಸಹಜ. ಕೊಳ್ಳುವ ಮೊದಲು ಏನು ನೋಡಬೇಕು? ನನ್ನ ಉತ್ತರ ಚಿಕ್ಕದು: ರಿಪೇರಿಯಾಗುವುದು ಯಾವುದು, ರಿಪೇರಿಯಾಗದ್ದು ಯಾವುದು ಎಂದು ಬೇರೆ ಮಾಡಿ; ಎರಡನೆಯದನ್ನು ನೋಡಿ ಬೆಲೆ ಕಟ್ಟಿ. ಬೆಲ್ ಮೇಲೆ, ಅಂದರೆ ವಾದ್ಯದ ಅಗಲ ಬಾಯಿಯ ಮೇಲೆ, ಕೊರೆದ ಹೆಸರು ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಇಲ್ಲಿ ಸೀರಿಯಲ್ ನಂಬರ್ ಪಂಥದವರು ಸಿಟ್ಟಾಗುತ್ತಾರೆಂದು ಗೊತ್ತು. ವಾದ್ಯ ಕೈಗೆ ಬಂದೊಡನೆ ಊದುವ ಬದಲು ಹೆಬ್ಬೆರಳ ಆಸರೆಯ ಹತ್ತಿರ ಕೊರೆದ ಅಂಕಿಯನ್ನು ಹುಡುಕಿ, ಪಟ್ಟಿ ತೆಗೆದು ವರ್ಷ ಲೆಕ್ಕ ಹಾಕುವ ಪಂಥ ಅದು. 1954ರಲ್ಲಿ ಬಂದ ಸೆಲ್ಮರ್ ಕಂಪನಿಯ ಮಾರ್ಕ್ ಸಿಕ್ಸ್ ಸ್ಯಾಕ್ಸ್ ಎಂದರೆ ಅವರಿಗೆ ಕೈ ಮುಗಿಯುವಷ್ಟು ಭಕ್ತಿ. ಮೀರತ್‌ನಲ್ಲಿ ಮಾಡಿದ ವಾದ್ಯ ಎಂದರೆ ಮುಖ ಸಿಂಡರಿಸುತ್ತಾರೆ. ಮಾರ್ಕ್ ಸಿಕ್ಸ್ ಒಳ್ಳೆಯ ವಾದ್ಯ, ನಿಜ. ಆದರೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಯುರೋಪು, ಅಮೆರಿಕದ ದೊಡ್ಡ ಕಾರ್ಖಾನೆಗಳು ತಮ್ಮ ವಾದ್ಯದ ಮೇಲೆ ಅಂಗಡಿಯವರು ಕೇಳಿದ ಹೆಸರನ್ನು ಕೊರೆದುಕೊಡುತ್ತಿದ್ದವು. ಹೀಗಾಗಿ ಯಾರೂ ಕೇಳದ ಹೆಸರಿನ ಕೆಳಗೆ ಒಳ್ಳೆಯ ಕಾರ್ಖಾನೆಯ ಕೊಳವೆ ಇರಬಹುದು, ಅದೇ ಕಾರ್ಖಾನೆಯ ಎರಡನೇ ದರ್ಜೆಯ ಮಾಲೂ ಇರಬಹುದು. ಹೆಸರು ಎರಡಕ್ಕೂ ಸಾಕ್ಷಿ ಹೇಳದು. ಹೆಸರಿದ್ದರೆ ಬಿಡಿಭಾಗ ಸಿಗುತ್ತದೆ, ಮರುಮಾರಾಟಕ್ಕೆ ಬೆಲೆ ಬರುತ್ತದೆ ಎಂಬುದು ಇದಕ್ಕೆ ಬರುವ ಆಕ್ಷೇಪ. ಮರುಮಾರಾಟದ ಮಾತು ಸರಿ, ಅದನ್ನು ಒಪ್ಪುತ್ತೇನೆ. ಬಿಡಿಭಾಗದ್ದು ಭ್ರಮೆ. ರಂಧ್ರ ಮುಚ್ಚುವ ಪ್ಯಾಡನ್ನು ಅಳತೆ ನೋಡಿ ಕೂರಿಸುತ್ತಾರೆ, ಹೆಸರು ನೋಡಿ ಅಲ್ಲ. ಎಪ್ಪತ್ತು ವರ್ಷದ ವಾದ್ಯದ ಕೀ ಮುರಿದರೆ ಯಾವ ಹೆಸರಿನದಾದರೂ ಬೆಸುಗೆಯವನ ಹತ್ತಿರವೇ ಹೋಗಬೇಕು.

ಮೊದಲು ಗಾಳಿ ನಿಲ್ಲುತ್ತದೆಯೇ ನೋಡಿ. ಕ್ಲಾರಿಯೋನೆಟ್ಟಿನ ಒಂದು ತುಂಡನ್ನು ಕೈಗೆತ್ತಿಕೊಂಡು ಕೆಳತುದಿಯನ್ನು ಅಂಗೈಯಿಂದ ಒತ್ತಿ, ಬೆರಳಿನ ಕೀಗಳನ್ನೆಲ್ಲ ಮುಚ್ಚಿ, ಮೇಲ್ತುದಿಯಿಂದ ಗಾಳಿ ಹೀರಬೇಕು. ತುಟಿಯನ್ನು ಕೊಳವೆ ಹಿಡಿದುಕೊಂಡು ಒಂದೆರಡು ಕ್ಷಣ ನಿಂತು, ಬೆರಳೆತ್ತಿದಾಗ ಟಪ್ ಎಂದು ಬಿಟ್ಟರೆ ಪ್ಯಾಡ್ ಸರಿ ಇದೆ. ಸ್ಯಾಕ್ಸೋಫೋನಿಗಾದರೆ ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪ ಇಳಿಸಿ, ಪ್ಯಾಡಿನ ಅಂಚಿನಲ್ಲಿ ಬೆಳಕು ಕಾಣುತ್ತದೆಯೇ ನೋಡುತ್ತಾರೆ. ಗಾಳಿ ಸೋರಿದರೂ ಗಾಬರಿ ಬೇಡ. ಪ್ಯಾಡ್, ಕಾರ್ಕ್, ಸ್ಪ್ರಿಂಗ್ ಮೂರೂ ಬದಲಾಗುವ ವಸ್ತುಗಳು. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಅಷ್ಟೆ. ಕೆಮ್ಮಣ್ಣಿನಂಥ ಊರಲ್ಲಿ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸ್ವರ್ಣಾ ನದಿ ಇರುವಲ್ಲಿ, ಸೂಜಿಯಂಥ ಉಕ್ಕಿನ ಸ್ಪ್ರಿಂಗಿಗೆ ಉಪ್ಪುಗಾಳಿಯ ತುಕ್ಕು ತಪ್ಪದು. ಸುಲಭಕ್ಕೆ ರಿಪೇರಿಯಾಗದ ದೋಷಗಳು ಬೇರೆಯೇ. ಮರ ಸೀಳಿ ಆ ಬಿರುಕು ಸ್ವರರಂಧ್ರದ ಮೂಲಕ ಹಾದಿದೆಯೇ? ಕೀಗಳು ಬಡಿದು ಮಾಡಿದವೋ, ಅಗ್ಗದ ಲೋಹ ಎರಕ ಹೊಯ್ದವೋ? ಎರಕದ ಕೀಯನ್ನು ನೆಟ್ಟಗೆ ಮಾಡಲು ಹೋದರೆ ಬಾಗುವುದಿಲ್ಲ, ತುಂಡಾಗುತ್ತದೆ. ಹಿತ್ತಾಳೆಯ ವಾದ್ಯ ಎಂದಾದರೂ ಬಿದ್ದು ಬಾಗಿತ್ತೇ, ಕತ್ತಿನ ಕೊಳವೆ ಒತ್ತಡಕ್ಕೆ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ? ಫಳಫಳ ಹೊಳೆಯುವುದರ ಮೇಲೆ ನನಗೆ ಹೆಚ್ಚು ಅನುಮಾನ. ಕೆತ್ತನೆಯ ಹೂಬಳ್ಳಿಯ ಗೆರೆಗಳು ಮಾಸಿ ಮೊಂಡಾಗಿದ್ದು ಮೇಲಿನ ಲ್ಯಾಕರ್ ಹೊಸದಾಗಿದ್ದರೆ ಯಾರೋ ಹಿತ್ತಾಳೆಯನ್ನೇ ತಿಕ್ಕಿ ತೆಗೆದಿದ್ದಾರೆ ಎಂದರ್ಥ. ಮಾರುವವರು ಹೊಳಪಿಸುವುದು ಸುಲಭವಾಗಿ ಹೊಳೆಯುವುದನ್ನೇ.

ಕರ್ನಾಟಕ ಸಂಗೀತ ನುಡಿಸುವವರು ಇನ್ನೊಂದನ್ನು ನೋಡಬೇಕು. ಎ.ಕೆ.ಸಿ. ನಟರಾಜನ್ ಅವರಂಥವರ ಕೈಯಲ್ಲಿ ಸಾಮಾನ್ಯ ಕ್ಲಾರಿಯೋನೆಟ್ ಗಮಕಕ್ಕೆ ಒಲಿದಿದೆ, ಏಕೆಂದರೆ ಅದರ ತೆರೆದ ರಂಧ್ರದ ಮೇಲೆ ಬೆರಳನ್ನು ಜಾರಿಸಬಹುದು. ಆಲ್ಟೋದ ರಂಧ್ರಗಳು ದೊಡ್ಡವು, ದೂರದೂರ. ಹೆಚ್ಚಿನವುಗಳಲ್ಲಿ ಅವನ್ನು ಮುಚ್ಚುವುದು ತಟ್ಟೆ, ಬೆರಳಲ್ಲ. ಜಾರು ಬೇಕಿದ್ದರೆ ತುಟಿಯಿಂದಲೇ ತೆಗೆಯಬೇಕು. ಸ್ಯಾಕ್ಸಿನವರಿಗೆ ಆ ಅಭ್ಯಾಸ ಇದ್ದೇ ಇದೆ. ಆದರೆ ಹೆಬ್ಬೆರಳಿನ ಕೀ ಒತ್ತಿದಾಗ ಸ್ಯಾಕ್ಸ್ ಮೇಲಕ್ಕೆ ಹಾರುವುದು ಒಂದು ಸ್ಥಾಯಿ, ಕ್ಲಾರಿಯೋನೆಟ್ ಹಾರುವುದು ಅದಕ್ಕಿಂತ ಒಂದು ಪಂಚಮ ಹೆಚ್ಚು. ಒಂದೇ ಶ್ರುತಿ ಎಂದು ಕೊಂಡವರ ಬೆರಳುಗಳು ಮಧ್ಯದಲ್ಲೇ ದಾರಿ ತಪ್ಪುತ್ತವೆ.

ನಿಜವಾದ ಬಲೆ ಇರುವುದು ಶ್ರುತಿಯಲ್ಲಿ, ಮತ್ತು ಅದರ ಬಗ್ಗೆ ಸೀರಿಯಲ್ ನಂಬರ್ ಪಂಥ ಮಾತನಾಡುವುದೇ ಇಲ್ಲ. ಕೆಲವು ಹಳೆಯ ವಾದ್ಯಗಳ ಮೇಲೆ ಎಚ್.ಪಿ. ಎಂದು ಕೊರೆದಿರುತ್ತದೆ. ಪಂಪ್‌ಸೆಟ್ಟಿನ ಎಚ್.ಪಿ. ಅಲ್ಲ, ಹೈ ಪಿಚ್. ಬ್ರಿಟಿಷ್ ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಈಗಿನ 440 ಹರ್ಟ್ಜ್ ಬದಲು ಸುಮಾರು 452ರ ಶ್ರುತಿಯಲ್ಲಿ ಊದುತ್ತಿದ್ದವು. ವ್ಯತ್ಯಾಸ ಅರ್ಧಸ್ವರದ ಅರ್ಧದಷ್ಟು. ಭಾರತಕ್ಕೆ ಬಂದ ಅಂದಿನ ವಾದ್ಯಗಳಲ್ಲಿ ಇಂಥವು ಇರಲೇಬೇಕು, ಅಕ್ಷರ ಕೊರೆದಿರಲಿ ಬಿಡಲಿ. ಮೌತ್‌ಪೀಸನ್ನು ಹೊರಗೆ ಎಳೆದರೆ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುತ್ತದೆ, ಒಂದೇ ಸಮನಾಗಿ ಇಳಿಯುವುದಿಲ್ಲ. ಬೆರಳೆಲ್ಲ ಎತ್ತಿದ ಸ್ವರಕ್ಕೆ ಕೊಳವೆ ಗಿಡ್ಡ, ಅದು ಬಹಳ ಇಳಿಯುತ್ತದೆ. ಬೆರಳೆಲ್ಲ ಮುಚ್ಚಿದ ಸ್ವರಕ್ಕೆ ಕೊಳವೆ ಉದ್ದ, ಅದು ಹೆಚ್ಚು ಕದಲುವುದಿಲ್ಲ. ಆದ್ದರಿಂದ ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ ಈ ಎರಡು ಸ್ವರಗಳನ್ನು ಮೊಬೈಲಿನ ಟ್ಯೂನರ್ ಎದುರು ಹಿಡಿಯಿರಿ. ನಿಮ್ಮದೇ ಮೌತ್‌ಪೀಸ್ ಇರಲಿ, ಮಾರುವವನದ್ದು ಬೇಡ. ತುಟಿಯಿಂದ ಸರಿ ಮಾಡಬೇಡಿ. ನುರಿತವರ ತುಟಿ ಅರಿವಿಲ್ಲದೇ ಸುಳ್ಳು ಹೇಳುತ್ತದೆ.

ನಮಗೇಕೆ 440ರ ಗೊಡವೆ, ಷಡ್ಜ ಎಲ್ಲಿಟ್ಟರೆ ಅಲ್ಲಿ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ನಾಗಸ್ವರಕ್ಕೂ ಜಗತ್ತಿಗೆಲ್ಲ ಒಂದೇ ಎಂಬ ಶ್ರುತಿ ಇಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿದರೆ 452ಕ್ಕೂ ಷಡ್ಜ ಸಿಗುತ್ತದೆ. ಡೋಲು, ತಾಸೆಗಳಿಗೆ ತಕರಾರಿಲ್ಲ. ಒಬ್ಬರೇ ಊದುವವರಿಗೆ, ಪಶ್ಚಿಮದವರು ಬೇಡವೆಂದು ಬಿಸುಟ ಎಚ್.ಪಿ. ವಾದ್ಯ, ಕೊಳವೆ ಮತ್ತು ಕೀ ಗಟ್ಟಿಯಿದ್ದರೆ, ಒಳ್ಳೆಯ ವ್ಯಾಪಾರವೇ. ಆದರೆ ನಮ್ಮ ಕಡೆ ಸ್ಯಾಕ್ಸ್ ಜೋಡಿಯಾಗಿ ಮೊಳಗುವುದೇ ಹೆಚ್ಚು, ಭಜನೆಗೆ ಹೋದರೆ ಹಾರ್ಮೋನಿಯಂ, ಆರ್ಕೆಸ್ಟ್ರಾಕ್ಕೆ ಹೋದರೆ ಕೀಬೋರ್ಡ್. ಹಾರ್ಮೋನಿಯಂ ತನ್ನ ಮನೆಯಿಂದ ಕದಲದು. ಜೋಡಿಯಲ್ಲಿ ಊದುವವರು ಎಚ್.ಪಿ.ಯನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು. ಒಂಟಿಯಾಗಿ ಊದುವವರು ಅರ್ಧ ಬೆಲೆಗೆ ಕೇಳಬೇಕು, ಆ ಎರಡಕ್ಷರದ ಅರ್ಥ ಮಾರುವವನಿಗೂ ಗೊತ್ತಿದ್ದರೆ ಇನ್ನೂ ಕೆಳಗೆ.